ಕೆನ್ನೆ ಮೂಳೆ ಮುರಿದಿದ್ದಕ್ಕೆ ಹಲ್ಲಿನ ಆಸ್ಪತ್ರೆ: 9 ದಿನ ವಾರ್ಡಲ್ಲಿದ್ದು ಬಂದವನ ರಿವ್ಯೂ

5ಕ್ಕೆ 4 ಸ್ಟಾರ್. ಒಂದು ಸ್ಟಾರ್ ಯಾಕೆ ಹೋಯ್ತು ಅಂತ ಆಮೇಲೆ ಹೇಳ್ತೀನಿ. ಆಸ್ಪತ್ರೆ ಹೆಸರು ಬೇಕಂತಲೇ ಹಾಕ್ತಿಲ್ಲ, ಹೊಗಳೋದೂ ಇದೆ ಬೈಯೋದೂ ಇದೆ, ಜೊತೆಗೆ ಅಕ್ಕಪಕ್ಕದ ಬೆಡ್ಡಿನವರ ಕಥೆನೂ ಬರುತ್ತೆ. ನಮ್ಮೂರಿಂದ ಬಸ್ಸಲ್ಲಿ ಒಂದೂವರೆ ಗಂಟೆ, ಮೆಡಿಕಲ್ ಕಾಲೇಜಿನ ಕಾಂಪೌಂಡಲ್ಲೇ ಇರೋ ಡೆಂಟಲ್ ಕಾಲೇಜು, ಅದರೊಳಗಿನ ಓರಲ್ ಅಂಡ್ ಮ್ಯಾಕ್ಸಿಲೋಫೇಶಿಯಲ್ ಸರ್ಜರಿ, ಅಂದ್ರೆ ಬಾಯಿ, ದವಡೆ, ಮುಖದ ಸರ್ಜರಿ ಡಿಪಾರ್ಟ್‌ಮೆಂಟು, ಇಷ್ಟು ಸಾಕು. ಡಾಕ್ಟ್ರುಗಳು ಓಎಂಎಫ್‌ಎಸ್ ಅಂತಾರೆ, ಗೇಟಲ್ಲಿರೋ ಸೆಕ್ಯುರಿಟಿ ಅಣ್ಣ 'ದವಡೆ ವಾರ್ಡಾ, ಎರಡನೇ ಮಹಡಿ' ಅಂತಾರೆ. ಅವರ ಹೆಸರೇ ಚೆನ್ನಾಗಿದೆ.

ನನ್ನ ತಮ್ಮಂಗೆ 24 ವರ್ಷ. ರಾತ್ರಿ ಎಂಟರ ಸುಮಾರು ಬೈಕಲ್ಲಿ ಬರ್ತಿದ್ದ, ಊರು ಇನ್ನೇನು ಸಿಕ್ತು ಅನ್ನೋ ಜಾಗದಲ್ಲಿ ಹೊಸದಾಗಿ ಹಂಪ್ ಹಾಕಿದ್ರು, ಬಣ್ಣ ಇಲ್ಲ ಬೋರ್ಡ್ ಇಲ್ಲ ಲೈಟಿಲ್ಲ, ಎಗರಿ ಬಲಗಡೆ ಕೆನ್ನೆ ಕೊಟ್ಟು ಬಿದ್ದ. ಹೆಲ್ಮೆಟ್ ಇತ್ತು, ಪೆಟ್ರೋಲ್ ಟ್ಯಾಂಕ್ ಮೇಲೆ. ಪೊಲೀಸ್ರು ನಿಲ್ಲೋ ಸರ್ಕಲ್ ದಾಟಿದ್ಮೇಲೆ ತಲೆಯಿಂದ ತೆಗೆದು ಅಲ್ಲಿಟ್ಕೊಂಡಿದ್ನಂತೆ.

ಮೊದಲು ಹತ್ತಿರದ ಒಂದು ನರ್ಸಿಂಗ್ ಹೋಮಿಗೆ ಹೋದ್ವಿ. ಹುಬ್ಬಿಗೆ ಐದು ಹೊಲಿಗೆ, ಒಂದು ಟಿಟಿ, ತಲೆದು ಸಿಟಿ ಸ್ಕ್ಯಾನು. 'ಬ್ರೇನ್ ನಾರ್ಮಲ್, ಪುಣ್ಯ ಮಾಡಿದ್ದೀರ' ಅಂತ ನೋವಿನ ಮಾತ್ರೆ ಕೊಟ್ಟು ಬೆಳಿಗ್ಗೆ ಮನೆಗೆ ಕಳಿಸಿದ್ರು. ತಲೆ ಮೊದ್ಲು ನೋಡಿದ್ದು ಸರಿನೇ, ಅದಕ್ಕೆ ತಕರಾರಿಲ್ಲ. ಆದ್ರೆ ಮುಖ ಊದಿಕೊಂಡು ಕುಂಬಳಕಾಯಿ ಆಗಿತ್ತು, ಕಣ್ಣೇ ಮುಚ್ಚಿ ಹೋಗಿತ್ತು, ಅದರ ಕೆಳಗೆ ಏನಾಗಿದೆ ಅಂತ ಒಬ್ಬರೂ ಮುಟ್ಟಿ ನೋಡ್ಲಿಲ್ಲ. ಊತ ಇಳಿಯುತ್ತೆ ಅಂದ್ರು. ಇಳೀತು ಕೂಡ, ನಾಲ್ಕನೇ ದಿನಕ್ಕೆ. ಇಳಿದಾಗ ನೋಡಿದ್ರೆ ಒಂದು ಕೆನ್ನೆ ಇದೆ, ಇನ್ನೊಂದು ಕೆನ್ನೆ ಚಪ್ಪಟೆ. ಮೇಲಿನ ತುಟಿ, ಮೂಗಿನ ಪಕ್ಕ, ಮೇಲಿನ ಹಲ್ಲು ಎಲ್ಲ ಜೋಮು ಹಿಡಿದಂಗೆ ಅಂದ. ಬಾಯಿಗೆ ಎರಡು ಬೆರಳು ಕೂಡ ಹೋಗಲ್ಲ. ಮೇಲೆ ಫ್ಯಾನ್ ನೋಡಿದ್ರೆ ಎರಡು ಫ್ಯಾನ್ ಕಾಣುತ್ತೆ ಅಂದಾಗ ಅಮ್ಮ ಅಳಕ್ಕೆ ಶುರು ಮಾಡಿದ್ರು.

ಎದುರು ಮನೆ ಹುಡುಗಿ ಬಿಡಿಎಸ್ ಓದ್ತಿದ್ದಾಳೆ, ರಜೆಗೆ ಬಂದಿದ್ಲು. ನೋಡಿ 'ಅಣ್ಣ, ಇದು ಕೆನ್ನೆ ಮೂಳೆ ಒಳಗೆ ಕುಸಿದಿರೋದು, ಇವತ್ತೇ ಡೆಂಟಲ್ ಕಾಲೇಜಿಗೆ ಕರ್ಕೊಂಡು ಹೋಗಿ' ಅಂದ್ಲು. 'ಹಲ್ಲೇನೂ ಬಿದ್ದಿಲ್ವಲ್ಲಮ್ಮ' ಅಂದ್ರು ಅಮ್ಮ. ಈ ರಿವ್ಯೂ ಬರೀತಿರೋದೇ ಆ ಒಂದು ಮಾತಿಗೋಸ್ಕರ ಅನ್ಕೊಳಿ. ಕಾಲು ಮುರಿದ್ರೆ ಮೂಳೆ ಡಾಕ್ಟ್ರು ಅಂತ ಚಿಕ್ಕ ಮಕ್ಕಳಿಗೂ ಗೊತ್ತು, ಮುಖದ ಮೂಳೆ ಮುರಿದ್ರೆ ಯಾರು ಅಂತ ನಮಗೆ ಗೊತ್ತೇ ಇಲ್ಲ. ಕೆನ್ನೆ, ಮೇಲಿನ ದವಡೆ, ಕೆಳಗಿನ ದವಡೆ, ಕಣ್ಣಿನ ಗುಂಡಿಯ ಗೋಡೆ ಇದೆಲ್ಲ ಜೋಡಿಸೋರು ಹಲ್ಲಿನ ಕಡೆಯಿಂದ ಬಂದು ಸರ್ಜರಿಯಲ್ಲಿ ಎಂಡಿಎಸ್, ಅಂದ್ರೆ ಬಿಡಿಎಸ್ ಮೇಲಿನ ಓದು ಮಾಡಿದವರು. ಪ್ಲಾಸ್ಟಿಕ್ ಸರ್ಜನ್ನು, ಇಎನ್‌ಟಿಯವರೂ ಮಾಡ್ತಾರೆ, ಮೂಗೊಂದೇ ಆದ್ರೆ ಸಾಮಾನ್ಯವಾಗಿ ಇಎನ್‌ಟಿನೇ. ಆದ್ರೆ ಹಲ್ಲು ಕಚ್ಚೋ ರೀತಿ ಕೆಟ್ಟಿದ್ರೆ ಅದನ್ನ ಮೊದಲಿನ ಜಾಗಕ್ಕೆ ತರೋ ಕೈ ಇವರದ್ದು.

ಒಪಿಡಿಗೆ ಫುಲ್ ಮಾರ್ಕ್ಸ್. ಕಾರ್ಡ್ ಮಾಡಿಸಿ ಅರ್ಧ ಗಂಟೆಯಲ್ಲಿ ಒಳಗೆ ಕರೆದ್ರು. ಪಿಜಿ ಡಾಕ್ಟ್ರು, ಸಣ್ಣ ವಯಸ್ಸಿನ ಮೇಡಂ, ತಮ್ಮನ ಬೆನ್ನ ಹಿಂದೆ ನಿಂತು ತಲೆ ಸ್ವಲ್ಪ ಹಿಂದಕ್ಕೆ ಬಾಗಿಸಿ ಮೇಲಿಂದ ಎರಡೂ ಕೆನ್ನೆ ಹೋಲಿಸಿ ನೋಡಿದ್ರು. ಆಮೇಲೆ ಕಣ್ಣಿನ ಕೆಳಗಿನ ಅಂಚಿನ ಮೇಲೆ ಬೆರಳು ಎಳೀತಾ ಹೋಗಿ ಒಂದು ಕಡೆ ನಿಲ್ಲಿಸಿ ನನ್ನ ಬೆರಳನ್ನೂ ಅಲ್ಲಿಟ್ರು. ಮೆಟ್ಟಿಲು ಇಳಿದಂಗೆ ಸಿಕ್ತು. ಮೈ ಜುಮ್ ಅಂತು. ಮೇಲಿನ ಮುಂದಿನ ಹಲ್ಲು ಹಿಡಿದು ಮೆಲ್ಲಗೆ ಅಲ್ಲಾಡಿಸಿ ಇಡೀ ದವಡೆ ಅಲ್ಲಾಡುತ್ತಾ ನೋಡಿದ್ರು, 'ಹಲ್ಲು ಕಚ್ಚಿದ್ರೆ ಮೊದಲಿನ ತರನೇ ಕೂರ್ತಾವಾ' ಅಂತ ಕೇಳಿದ್ರು, ಮೂಗಿಂದ ನೀರು ತರ ಸೋರಿತ್ತಾ, ಬಾಯಲ್ಲಿ ಉಪ್ಪುಪ್ಪು ಅನ್ಸಿತ್ತಾ ಅಂತ ಕೇಳಿದ್ರು. ಕೊನೇದು ಯಾಕಂದ್ರೆ ಪೆಟ್ಟು ಜೋರಿದ್ರೆ ಮಿದುಳಿನ ಸುತ್ತ ಇರೋ ನೀರು ಮೂಗಿಂದ ಸೋರುತ್ತಂತೆ. ದೇವರ ದಯೆ, ಅದಿರ್ಲಿಲ್ಲ.

ಮುಖದ್ದು ಇನ್ನೊಂದು ಸಿಟಿ ಆಯ್ತು, ಈ ಸಲ ತ್ರೀಡಿ. ಮೊದಲನೇ ಸಲನೇ ಮುಖನೂ ಸೇರಿಸಿ ಮಾಡಿದ್ರೆ 4,500 ರೂಪಾಯಿ ಉಳೀತಿತ್ತು, ಇರ್ಲಿ. ಸ್ಕ್ರೀನಲ್ಲಿ ತಮ್ಮನ ಬುರುಡೆ ತಿರುಗಿಸಿ ತೋರಿಸಿದ್ರು. ಕೆನ್ನೆ ಮೂಳೆ ಅಂದ್ರೆ ಒಂದೇ ಗಟ್ಟಿ ಗುಪ್ಪೆ, ಆದ್ರೆ ಅದು ನಿಂತಿರೋದು ಸುತ್ತಲ ನಾಲ್ಕು ಮೂಳೆಗೆ ಒರಗಿಕೊಂಡು. ಪೆಟ್ಟು ಬಿದ್ರೆ ಗುಪ್ಪೆ ಒಡೆಯೋದು ಕಮ್ಮಿ, ಆ ಬೆಸುಗೆಗಳು ಬಿಟ್ಟು ಗುಪ್ಪೆ ಹಂಗೇ ಒಳಗೆ ಕುಸಿಯುತ್ತೆ. ತಮ್ಮಂದು ಅದೇ ಆಗಿತ್ತು, ಜೊತೆಗೆ ಕಣ್ಣಿನ ಗುಂಡಿಯ ನೆಲ, ಅದು ಹಪ್ಪಳದಷ್ಟು ತೆಳು, ಅದೂ ಮುರಿದು ಒಳಗಿನ ಕೊಬ್ಬು ಕೆಳಗಿನ ಸೈನಸ್ಸಿಗೆ, ಅಂದ್ರೆ ಮೂಳೆ ಒಳಗಿನ ಗಾಳಿ ಗೂಡಿಗೆ ಜೋತು ಬಿದ್ದಿತ್ತು. ಎರಡೆರಡು ಫ್ಯಾನು ಅದಕ್ಕೆ. ತುಟಿ ಜೋಮು ಯಾಕಂದ್ರೆ ಆ ನೆಲದ ಒಳಗಿಂದಲೇ ತುಟಿ, ಮೂಗಿನ ಪಕ್ಕಕ್ಕೆ ಹೋಗೋ ನರ ಹಾಯ್ದು ಹೋಗುತ್ತೆ.

ನನಗೆ ಅರ್ಥ ಆಗ್ಲಿ ಅಂತ ಆ ಮೇಡಂ ಒಂದು ಮಾತು ಹೇಳಿದ್ರು: ಮುಖದ ನಡುಭಾಗ ಅಂದ್ರೆ ತೊಟ್ಟಿ ಮನೆ ಇದ್ದಂಗೆ, ಗೋಡೆ ತೆಳು ಆದ್ರೂ ಕಂಬಗಳು ಗಟ್ಟಿ. ಮೂಗಿನ ಪಕ್ಕ ಒಂದು, ಕೆನ್ನೆ ಕೆಳಗೆ ಒಂದು, ಹಿಂದುಗಡೆ ಒಂದು, ಹಿಂಗೆ ಎರಡೂ ಕಡೆ. ಕೆಳಗಿಂದ ಮೇಲಕ್ಕೆ ಬರೋ ಭಾರ, ಅಂದ್ರೆ ಚಕ್ಲಿ ಕಡಿಯೋದು ಕಬ್ಬು ಸಿಗಿಯೋದು, ಎಷ್ಟು ಬೇಕಾದ್ರೂ ತಡೀತಾವೆ. ಮುಂದಿಂದ ಅಡ್ಡ ಬಂದು ಗುದ್ದಿದ್ರೆ ಕಂಬ ವಾಲುತ್ತೆ.

ಇನ್ನು ವಾರ್ಡು. ಗಂಡಸರ ಕಡೆ 12 ಬೆಡ್, ಕ್ಲೀನಾಗಿತ್ತು, ಬೆಳಿಗ್ಗೆ ಸಂಜೆ ಎರಡು ಸಲ ಒರೆಸೋರು. ಒಂಬತ್ತು ದಿನ ಅಟೆಂಡರ್ ಅಂತ ಬೆಂಚಿನ ಮೇಲೆ ಮಲ್ಕೊಂಡು ಎದ್ದು ಮಾಡೋಕೆ ಕೆಲಸ ಇಲ್ಲದೆ ಒಬ್ಬೊಬ್ಬರ ಮುಖ ನೋಡ್ತಾ ಕೂತೆ. ಕೊನೆ ಕೊನೆಗೆ ಹೊಸ ಪೇಷೆಂಟ್ ಬಂದ್ರೆ ಕೇಳೋ ಮುಂಚೆನೇ ಏನಾಗಿರಬಹುದು ಅಂತ ಮನಸ್ಸಲ್ಲೇ ಪಂದ್ಯ ಕಟ್ತಿದ್ದೆ, ಅರ್ಧಕ್ಕರ್ಧ ಸರಿ ಹೋಗ್ತಿತ್ತು.

12ರಲ್ಲಿ 8 ಬೈಕು. ಎಂಟೂ ಗಂಡು ಹುಡುಗ್ರು, ಒಬ್ಬರಿಗೂ 40 ದಾಟಿಲ್ಲ. ಇದು ಆ ವಾರದ ಕಥೆ ಅಷ್ಟೇ ಅಲ್ಲ, ನಮ್ಮ ದೇಶದಲ್ಲಿ ಹೆಚ್ಚಿನ ಕಡೆ ಲೆಕ್ಕ ಹಾಕಿದ್ರೆ ಹಿಂಗೇ ಬರೋದಂತೆ, ರಸ್ತೆ ಆಕ್ಸಿಡೆಂಟೇ ಮೊದಲು, ಅದರಲ್ಲೂ ಟೂವೀಲರು, ಅದರಲ್ಲೂ 20ರಿಂದ 40ರ ಒಳಗಿನ ಗಂಡಸರು. ಹೊರದೇಶದಲ್ಲಿ ಎಷ್ಟೋ ಕಡೆ ಹೊಡೆದಾಟದ್ದೇ ಜಾಸ್ತಿಯಂತೆ, ಬಾರಿಗೆ ಹೋಗಿ ಗುದ್ದಾಡಿ ಬರೋದು. ನಮ್ಮಲ್ಲಿ ಬಾರಿಗೆ ಹೋಗಿ ಬೈಕ್ ಹತ್ತಿ ಬರ್ತಾರೆ, ಅಷ್ಟೇ ವ್ಯತ್ಯಾಸ. ನಿಜ ಹೇಳ್ಬೇಕಂದ್ರೆ ಎಂಟರಲ್ಲಿ ಮೂರು ಜನ ಕುಡಿದೇ ಬಿದ್ದಿದ್ದು, ಕೇಸ್ ಶೀಟಲ್ಲಿ ನಾಯಿ ಅಡ್ಡ ಬಂತು ಅಂತ ಬರೆಸಿದ್ರು. ಆ ನಾಯಿ ಪಾಪ ಎಷ್ಟು ಕೇಸಿಗೆ ಜವಾಬ್ದಾರಿ ಹೊತ್ತಿದೆಯೋ.

ಹೆಲ್ಮೆಟ್ ಹಾಕಿದ್ದೋರೂ ಇಬ್ಬರಿದ್ರು ಅದರಲ್ಲಿ. ಒಬ್ಬಂದು ರಸ್ತೆ ಬದಿ ಕೊಂಡ ಟೋಪಿ ತರದ ಅರ್ಧ ಹೆಲ್ಮೆಟ್ಟು, ನೆತ್ತಿ ಉಳೀತು, ಮೂಗು ಮೇಲಿನ ದವಡೆ ಉಳೀಲಿಲ್ಲ. ಇನ್ನೊಬ್ಬ ಒಳ್ಳೇ ಫುಲ್ ಫೇಸೇ ಹಾಕಿದ್ದ ಆದ್ರೆ ಬೆಲ್ಟ್ ಹಾಕಿರ್ಲಿಲ್ಲ, ಬೀಳೋ ಮುಂಚೆನೇ ಹೆಲ್ಮೆಟ್ ಬೇರೆ ಕಡೆ ಹೋಯ್ತು ಇವನು ಬೇರೆ ಕಡೆ ಹೋದ. ನಮ್ಮ ರಾಜ್ಯದಲ್ಲಿ ಹಿಂದೆ ಕೂರೋರಿಗೂ ಹೆಲ್ಮೆಟ್ ಕಡ್ಡಾಯ ಆಗಿ 2016ಕ್ಕೇ ಆಯ್ತು. ಹೆಂಗಸರ ವಾರ್ಡಲ್ಲಿದ್ದ ಒಬ್ಬ ಅಕ್ಕ ಗಂಡನ ಹಿಂದೆ ಒಂದೇ ಕಡೆ ಕಾಲು ಹಾಕಿ ಕೂತು ಮಡಿಲಲ್ಲಿ ಅಕ್ಕಿ ಚೀಲ ಹಿಡ್ಕೊಂಡಿದ್ರಂತೆ, ಸೀರೆ ಸೆರಗು ಚಕ್ರಕ್ಕೆ ಸಿಕ್ತು. ಹಿಡ್ಕೊಳೋಕೆ ಕೈ ಖಾಲಿ ಇರ್ಲಿಲ್ಲ, ಮುಖನೇ ಮೊದಲು ರಸ್ತೆಗೆ ಬಿತ್ತು.

ಮೂಲೆ ಬೆಡ್ಡಲ್ಲಿ ಗೂಡ್ಸ್ ಗಾಡಿ ಡ್ರೈವರ್ ಒಬ್ರು, ಸೀಟ್ ಬೆಲ್ಟ್ ಇಲ್ಲ, ನಿಂತ ಲಾರಿಗೆ ಹಿಂದಿಂದ ಗುದ್ದಿ ಮುಖ ಸ್ಟೇರಿಂಗಿಗೆ ಹೊಡೆದಿತ್ತು. ಎರಡೂ ಕಣ್ಣಿನ ಸುತ್ತ ಕಪ್ಪು, ಮುಖ ಉದ್ದ ಆಗಿ ಒಳಗೆ ಹೋದಂಗೆ, ಬಾಯಿ ಮುಚ್ಚಿದ್ರೆ ಹಿಂದಿನ ಹಲ್ಲಷ್ಟೇ ತಾಗ್ತವೆ ಮುಂದೆ ಗ್ಯಾಪು. ಅವರ ಫೈಲಲ್ಲಿ 'ಲೆ ಫೋರ್ಟ್ 2' ಅಂತ ಬರೆದಿತ್ತು. ಅದೇನು ಮೇಡಂ, ಕೋಟೆನಾ ಅಂತ ಕೇಳ್ದೆ, ನಕ್ಕು ಕಥೆ ಹೇಳಿದ್ರು. ರೆನೆ ಲೆ ಫೋರ್ ಅಂತ ಫ್ರಾನ್ಸಿನ ಡಾಕ್ಟ್ರು, 1901ರಲ್ಲಿ, ಸತ್ತವರ 35 ತಲೆ ಇಟ್ಕೊಂಡು ಒಂದೊಂದಕ್ಕೆ ಒಂದೊಂದು ಕಡೆಯಿಂದ ಪೆಟ್ಟು ಕೊಟ್ಟು, ಆಮೇಲೆ ಬೇಯಿಸಿ ಮಾಂಸ ಬಿಡಿಸಿ ಎಲ್ಲೆಲ್ಲಿ ಬಿರುಕು ಬಿಟ್ಟಿದೆ ಅಂತ ನೋಡಿದ್ರಂತೆ. ಕೇಳಿದ್ಮೇಲೆ ಆವತ್ತು ಕ್ಯಾಂಟೀನಲ್ಲಿ ಊಟ ಸೇರ್ಲಿಲ್ಲ. ಆದ್ರೆ ಅವರಿಗೆ ಗೊತ್ತಾಗಿದ್ದು ಏನಂದ್ರೆ ಮುಖ ಹೆಂಗಂದ್ರಂಗೆ ಒಡೆಯಲ್ಲ, ಸಾಮಾನ್ಯವಾಗಿ ಮೂರೇ ದಾರಿ ಹಿಡಿಯುತ್ತೆ. ಒಂದನೇದು ಮೇಲಿನ ಹಲ್ಲಿನ ಸಾಲಿನ ಮೇಲ್ಗಡೆ ಅಡ್ಡಕ್ಕೆ ಬಿಟ್ಟು ಬಾಯಿಯ ಅಂಗಳ ಸಮೇತ ತೇಲೋದು. ಎರಡನೇದು ಮೂಗಿನ ಬುಡ ತುದಿ ಮಾಡ್ಕೊಂಡು ಗೋಪುರದ ಆಕಾರಕ್ಕೆ ಬಿಡೋದು. ಮೂರನೇದು ಇಡೀ ಮುಖನೇ ತಲೆಬುರುಡೆಯಿಂದ ಬೇರೆ ಆಗೋದು. ಈಗಿನ ಸ್ಪೀಡಿಗೆ, ಲಾರಿಗೆ, ಹಿಂಗೆ ಅಚ್ಚುಕಟ್ಟಾಗಿ ಎರಡೂ ಕಡೆ ಒಂದೇ ತರ ಮುರಿಯೋದು ಅಪರೂಪ, ಒಂದು ಕಡೆ ಒಂದನೇದು ಇನ್ನೊಂದು ಕಡೆ ಎರಡನೇದು ಹಿಂಗೆ ಕಲಬೆರಕೆನೇ ಜಾಸ್ತಿ ಅಂದ್ರು.

ಬೈಕ್ ಬಿಟ್ರೆ ಉಳಿದವರು ಹಳ್ಳಿ ಲೆಕ್ಕ. ಒಬ್ಬರು ಯಜಮಾನ್ರು, ಹಾಲು ಕರೆಯೋಕೆ ಕೂತಾಗ ಹಸು ಒದ್ದಿದ್ದು, ಕೆನ್ನೆ ಮೇಲೆ ಗೊರಸಿನ ಗುರುತು ಹಂಗೇ ಇತ್ತು. 'ಹೊಸ ಹಸು ಸಾಮಿ, ತಪ್ಪು ನಂದೇ' ಅಂತ ಹಸು ಪರನೇ ಮಾತಾಡೋರು. ಇನ್ನೊಬ್ಬ ಲೆದರ್ ಬಾಲಲ್ಲಿ ಕ್ರಿಕೆಟ್ ಆಡಕ್ಕೆ ಹೋಗಿ ಕಿವಿ ಮುಂದಿನ ಕಮಾನು ಮೂಳೆ ಒಳಗೆ ಬಗ್ಗಿಸ್ಕೊಂಡು ಬಂದಿದ್ದ, ನೋಡೋಕೆ ಏನೂ ಆಗಿಲ್ಲ, ಬಾಯಿ ಮಾತ್ರ ತೆರೆಯಕ್ಕಾಗಲ್ಲ. ಅವನಿಗೆ ಪ್ಲೇಟೂ ಬೇಡ ಸ್ಕ್ರೂನೂ ಬೇಡ, ಕೂದಲೊಳಗೆ ಸಣ್ಣ ಗಾಯ ಮಾಡಿ ಒಂದು ಸಲಾಕೆ ತೂರಿಸಿ ಮೇಲಕ್ಕೆ ಎತ್ತಿದ್ರಂತೆ, ಟಕ್ ಅಂತ ಕೂತ್ಕೊಳ್ತು. ಗಿಲೀಸ್ ಅನ್ನೋ ಸರ್ಜನ್ನು 1927ರಲ್ಲಿ ಹೇಳಿಕೊಟ್ಟ ಉಪಾಯ, ಇನ್ನೂ ನಡೀತಿದೆ. ನನಗೆ ಇಡೀ ವಾರ್ಡಲ್ಲಿ ತುಂಬಾ ಇಷ್ಟ ಆದ ಆಪರೇಷನ್ ಅದೇ.

ಹೊಡೆದಾಟದ್ದು ಒಂದೇ ಒಂದು, ಜಮೀನು ಬದುವಿನ ಜಗಳ, ಎಡಗಡೆ ಕೆನ್ನೆ. ಹೊಡೆಯೋರು ಹೆಚ್ಚಿನವರು ಬಲಗೈನವರು, ಎದುರಿಗೆ ನಿಂತವನ ಎಡಗೆನ್ನೆಗೇ ಬೀಳುತ್ತೆ, ಅದಕ್ಕೆ ಎಡಗೆನ್ನೆ ಮುರಿದಿದ್ರೆ ಇವರು ಒಂದು ಮಾತು ಜಾಸ್ತಿ ಕೇಳ್ತಾರೆ.

ಆ ಜಾಸ್ತಿ ಮಾತು ಕೇಳೋದನ್ನ ನಾನು ಕಣ್ಣಾರೆ ನೋಡಿದ್ದು ಒಪಿಡಿಯಲ್ಲಿ. ಒಬ್ಬಳು ಹೆಣ್ಮಗಳು, ಎಡಗೆನ್ನೆ ಎಡಗಣ್ಣು ಊದಿದೆ, ಪಕ್ಕದಲ್ಲಿ ಗಂಡ, 'ಬಾತ್ರೂಮಲ್ಲಿ ಜಾರಿ ಬಿದ್ಲು' ಅಂತ ಅವನೇ ಹೇಳ್ತಾನೆ. ಮೇಡಂ ಅವಳ ಮೊಣಕೈ, ಅಂಗೈ ತಿರುಗಿಸಿ ನೋಡಿದ್ರು. ಒಂದು ತರಚು ಗಾಯ ಇಲ್ಲ. ಬೀಳೋರು ಕೈ ಊರ್ತಾರೆ ಅಲ್ವಾ. ಏನೂ ಅನ್ಲಿಲ್ಲ, ಗಂಡನ ಕೈಗೆ ಎಕ್ಸ್‌ರೇ ಚೀಟಿ ಕೊಟ್ಟು ಕೆಳಗೆ ದುಡ್ಡು ಕಟ್ಟಿ ಬನ್ನಿ ಅಂತ ಕಳಿಸಿದ್ರು, ಬಾಗಿಲು ಮುಚ್ಚಿದ್ರು. ನಮ್ಮನ್ನೂ ಹೊರಗೆ ಕಳಿಸಿದ್ರು, ಆಮೇಲೆ ಏನಾಯ್ತು ನನಗೆ ಗೊತ್ತಿಲ್ಲ. ಕ್ಯಾಶ್ ಕೌಂಟರಲ್ಲಿ ಕ್ಯೂ ಉದ್ದ ಇತ್ತು, ಆವತ್ತು ಮೊದಲ ಸಲ ಆ ಕ್ಯೂ ಬಗ್ಗೆ ಖುಷಿ ಆಯ್ತು. ನಾಲ್ಕು ಸ್ಟಾರಲ್ಲಿ ಒಂದು ಇದಕ್ಕೇ.

ತಮ್ಮನ ಆಪರೇಷನ್ ಬಿದ್ದ ಎಂಟನೇ ದಿನಕ್ಕೆ ಆಯ್ತು. ಊತ ಪೂರ್ತಿ ಇಳೀಬೇಕು, ಆದ್ರೆ ಎರಡು ಮೂರು ವಾರ ಬಿಟ್ರೆ ಮೂಳೆ ಅಡ್ಡಾದಿಡ್ಡಿ ಕೂಡ್ಕೊಳುತ್ತೆ, ಆಮೇಲೆ ಮತ್ತೆ ಮುರಿದೇ ಜೋಡಿಸ್ಬೇಕು ಅಂದ್ರು. ನಾವು ಮನೇಲಿ ಕಳೆದ ನಾಲ್ಕು ದಿನ ನೆನೆಸ್ಕೊಂಡು ಎದೆ ಧಸಕ್ ಅಂತು. ಫುಲ್ ಅನಸ್ತೇಶಿಯಾ, ಮೂರು ಗಂಟೆ. ಬಾಯೊಳಗಿಂದ ಒಂದು, ಹುಬ್ಬಿನ ತುದಿಯಲ್ಲಿ ಒಂದು, ಕೆಳಗಿನ ರೆಪ್ಪೆ ಅಂಚಲ್ಲಿ ಒಂದು ಗಾಯ. ಹುಬ್ಬಿಂದು ಹಳೇ ಹೊಲಿಗೆ ಜಾಗನೇ. ಟೈಟಾನಿಯಂದು ಪುಟ್ಟ ಪ್ಲೇಟು ಮೂರು, ಕಣ್ಣಿನ ನೆಲಕ್ಕೆ ಒಂದು ಜಾಲರಿ. 'ಕಬ್ಬಿಣ ಒಳಗೇ ಬಿಟ್ರೆ ತುಕ್ಕು ಹಿಡಿಯಲ್ವಾ ಡಾಕ್ಟ್ರೇ' ಅಂತ ಅಮ್ಮ ಕೇಳಿದ್ದಕ್ಕೆ ದೊಡ್ಡ ಡಾಕ್ಟ್ರು ನಗದೇ ಕೂತು ಐದು ನಿಮಿಷ ಹೇಳಿದ್ರು, ತುಕ್ಕು ಹಿಡಿಯಲ್ಲ, ತೊಂದರೆ ಕೊಡದಿದ್ರೆ ತೆಗೆಯೋದೂ ಇಲ್ಲ, ಮುಂದೆ ಎಂಆರ್‌ಐ ಬೇಕಾದ್ರೂ ಮಾಡಿಸ್ಬಹುದು ಅಂತ.

ಆವತ್ತು ರಾತ್ರಿ ನರ್ಸ್ ಸಿಸ್ಟರ್ ಗಂಟೆಗೊಂದು ಸಲ ಬಂದು ಟಾರ್ಚ್ ಬಿಟ್ಟು 'ಎಷ್ಟು ಬೆರಳು' ಅಂತ ಕೇಳ್ತಿದ್ರು. ಮೂರನೇ ಸಲಕ್ಕೆ ನನಗೆ ರೇಗ್ತು, ಮಲಗಿರೋನ್ನ ಯಾಕೆ ಎಬ್ಬಿಸ್ತೀರಿ ಅಂತ ಜೋರು ಮಾಡ್ದೆ. ಕಣ್ಣಿನ ಹಿಂದೆ ರಕ್ತ ತುಂಬ್ಕೊಂಡ್ರೆ ದೃಷ್ಟಿ ಹೋಗಿಬಿಡುತ್ತೆ, ಬೆಳಿಗ್ಗೆ ನೋಡೋಣ ಅನ್ನೋ ಹಂಗಿಲ್ಲ ಅಂತ ಸಮಾಧಾನವಾಗೇ ಹೇಳಿದ್ರು. ಸಿಸ್ಟರ್, ಇದನ್ನ ಓದ್ತಿದ್ರೆ ಸಾರಿ.

ಈಗ ಬೈಗುಳ. ಕಣ್ಣಿನ ಒಪೀನಿಯನ್ ಬೇಕು ಅಂತ ಪಕ್ಕದ ಮೆಡಿಕಲ್ ಬಿಲ್ಡಿಂಗಿಗೆ ಕಳಿಸಿದ್ರು, ಅಲ್ಲಿ ಡೆಂಟಲ್ ಕಾರ್ಡ್ ನಡೆಯಲ್ಲ ಹೊಸ ಕಾರ್ಡ್ ಅಂದ್ರು, ಹೊಸ ಕಾರ್ಡ್ ಮಾಡಿಸಿದ್ರೆ ಎಂಎಲ್‌ಸಿ (ಆಕ್ಸಿಡೆಂಟ್, ಹೊಡೆದಾಟದ ಗಾಯಕ್ಕೆ ಆಸ್ಪತ್ರೆಯವರು ಪೊಲೀಸ್ರಿಗೆ ತಿಳಿಸೋಕೆ ಮಾಡೋ ದಾಖಲೆ) ನಂಬರ್ ಎಲ್ಲಿ ಅಂದ್ರು, ಅದು ಮೊದಲಿನ ನರ್ಸಿಂಗ್ ಹೋಮಲ್ಲಿ ಮಾಡೇ ಇರ್ಲಿಲ್ಲ. ರಸ್ತೆ ಆಕ್ಸಿಡೆಂಟ್ ಅಂದ್ರೆ ಮೊದಲು ನೋಡಿದ ಆಸ್ಪತ್ರೆಯಲ್ಲೇ ಎಂಎಲ್‌ಸಿ ಬರೆಸ್ಕೊಳಿ, ಇನ್ಶೂರೆನ್ಸಿಗೂ ಬೇಕು ಕೇಸಿಗೂ ಬೇಕು. ಎರಡೆರಡು ಕಾಣೋ ಹುಡುಗನ್ನ ಹಿಡ್ಕೊಂಡು ಒಂದೇ ಕಾಂಪೌಂಡಲ್ಲಿ ನಾಲ್ಕು ಸುತ್ತು ಹೊಡೆದಿದ್ದೀನಿ. ಆಯುಷ್ಮಾನ್ ಕೌಂಟರಂತೂ ಇನ್ನೂ ಚೆನ್ನ. ಬಿಪಿಎಲ್ ಕಾರ್ಡಿಗೆ ವರ್ಷಕ್ಕೆ 5 ಲಕ್ಷದ ತನಕ ಅಂತ ಗೋಡೆ ತುಂಬಾ ಪೋಸ್ಟರ್, ಕೌಂಟರಲ್ಲಿರೋ ಪುಣ್ಯಾತ್ಮ ಊಟಕ್ಕೆ ಹೋದ್ರೆ ಮೂರೂವರೆಗೆ ಬರೋದು. ಪಿಜಿ ಡಾಕ್ಟ್ರೇ ಫೈಲ್ ಹಿಡ್ಕೊಂಡು ಕೆಳಗೆ ಹೋಗಿ ಅಪ್ರೂವಲ್ ಮಾಡಿಸಿದ್ರು. ಅದು ಅವರ ಕೆಲಸನಾ?

ಇನ್ನೊಂದು, ಊಟದ ವಿಷಯ. ಚೀಟಿಯಲ್ಲಿ 'ಲಿಕ್ವಿಡ್ ಡಯಟ್' ಅಂತ ಎರಡು ಪದ ಬರೆದು ಕೈ ತೊಳ್ಕೊಂಡ್ರು. ಏನು ಕೊಡ್ಬೇಕು, ಎಷ್ಟು ಸಲ, ಯಾರೂ ಹೇಳಲ್ಲ. ಕ್ಯಾಂಟೀನಲ್ಲಿ ಇರೋದು ರೈಸ್ ಬಾತು, ಪೂರಿ. ಹಲ್ಲಿಗೆ ಪಟ್ಟಿ ಕಟ್ಟಿ ಮೇಲಿನ ದವಡೆ ಕೆಳಗಿನ ದವಡೆ ತಂತಿಯಲ್ಲಿ ಬಿಗಿದಿರೋರು ವಾರ್ಡಲ್ಲಿ ನಾಲ್ಕು ಜನ ಇದ್ರು, ವಾರಗಟ್ಟಲೆ ಹಂಗೇ ಇರ್ಬೇಕು, ವಾಂತಿ ಬಂದ್ರೆ ತಂತಿ ಕತ್ತರಿಸೋಕೆ ಅಂತ ತಲೆದಿಂಬಿನ ಪಕ್ಕ ಕಟರ್ ಇಟ್ಟಿರ್ತಾರೆ. ಇಂಥವರಿಗೆ ಒಂದು ಗಂಜಿ ಸಿಗಲ್ಲ ಅಂದ್ರೆ ಹೆಂಗೆ. ಡ್ರೈವರ್ ಅಣ್ಣನ ಹೆಂಡತಿ ಹೇಳಿಕೊಟ್ಟಿದ್ದು ನಮಗೆ: ರಾಗಿ ಅಂಬಲಿ ತೆಳ್ಳಗೆ ಮಾಡಿ ಬಟ್ಟೆಯಲ್ಲಿ ಸೋಸಿ ಮಜ್ಜಿಗೆ ಹಾಕಿ, ಬೇಳೆ ಕಟ್ಟಿಗೆ ಒಂದು ಚಮಚ ತುಪ್ಪ, ಬಾಳೆಹಣ್ಣು ಹಾಲು ಮಿಕ್ಸಿಗೆ, ಎರಡು ಗಂಟೆಗೊಂದು ಲೋಟ. ಸ್ಟ್ರಾ ಬೇಡ ಅಂತ ಡಾಕ್ಟ್ರು ಹೇಳಿದ್ರು, ಬಾಯೊಳಗಿನ ಹೊಲಿಗೆಗೆ ಎಳೆತ ಬೀಳುತ್ತೆ, ಅದಕ್ಕೆ ಚಮಚದಲ್ಲೇ. ಆ ಅಕ್ಕನ ಕೈಯಲ್ಲಿ ಒಂದು ಚೀಟಿ ಬರೆಸಿ ವಾರ್ಡ್ ಗೋಡೆಗೆ ಅಂಟಿಸಿದ್ರೆ ಐದನೇ ಸ್ಟಾರ್ ನಾನೇ ಹಾಕ್ತೀನಿ.

ಡಿಸ್ಚಾರ್ಜ್ ಮಾಡುವಾಗ ಮಾತ್ರ ಚೆನ್ನಾಗಿ ಹೇಳಿದ್ರು. ಕೆಲವು ವಾರ ಮೂಗು ಸೀದಬೇಡ, ಗಾಳಿ ಕೆನ್ನೆ ಚರ್ಮದೊಳಗೆ ನುಗ್ಗಿ ಬಲೂನ್ ಆಗುತ್ತೆ. ಸೀನು ಬಂದ್ರೆ ಬಾಯಿ ತೆರೆದು ಸೀನು. ಆ ಮಗ್ಗುಲಿಗೆ ಮಲಗಬೇಡ. ಮಕ್ಕಳ ಬ್ರಷ್ಷಲ್ಲಿ ಹಲ್ಲುಜ್ಜು. ಬೀಡಿ ಸಿಗರೇಟು ಬೇಡ. ಕೊನೇದಕ್ಕೆ ತಮ್ಮ ತಲೆ ಕೆಳಗೆ ಹಾಕಿದ, ಅಮ್ಮಂಗೆ ಅಲ್ಲಿ ಗೊತ್ತಾಯ್ತು.

ಹೋಗೋರಿಗೆ ಒಂದು ಮಾತು, ಹಿಂದಿನ ಗೇಟಿಂದ ಹೋಗಿ, ಮುಂದಿನ ಗೇಟಲ್ಲಿ ಲಿಫ್ಟಿಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಮುಂಚೆ ಕಾರ್ಡ್ ಕೌಂಟರ್ ಖಾಲಿ ಇರುತ್ತೆ.

ಅಪ್ಡೇಟ್: ಎರಡೂವರೆ ತಿಂಗಳಾಯ್ತು. ಕೆನ್ನೆ ಎದ್ದಿದೆ, ಹೊಲಿಗೆ ಎಲ್ಲಿತ್ತು ಅಂತ ಹುಡುಕ್ಬೇಕು. ಫ್ಯಾನು ಒಂದೇ ಕಾಣುತ್ತೆ. ತುಟಿ ಜೋಮು ಮಾತ್ರ ತಿಂಗಳುಗಟ್ಟಲೆ ಇರ್ಬಹುದು ಅಂದಿದ್ರು, ಇಷ್ಟು ದಿನ ಕುದಿಯೋ ಕಾಫಿ ಕೊಟ್ರೂ ತಣ್ಣಗಿದೆ ಅಂತ ಕುಡೀತಿದ್ದ. ನಿನ್ನೆ ಬೆಳಿಗ್ಗೆ ಲೋಟ ಬಾಯಿಗಿಟ್ಟವನೇ 'ಅಯ್ಯೋ ಸುಡ್ತಲ್ಲಮ್ಮ' ಅಂದ. ಅಮ್ಮ ಓಡಿ ಬಂದು 'ಎಲ್ಲಿ, ಯಾವ ಕಡೆ ಸುಡ್ತು' ಅಂತ ಕೇಳಿದ್ರು. ಬಲಗಡೆ.